ಹಗ್ಗ ಉಳಿಸಿಕೊಂಡ ಯಮನಪ್ಪ

“ನಾಯಿ ಒಯ್ರಿ, ಹಗ್ಗಾ ಮಾತ್ರ ಕೊಡೂದಿಲ್ರಿ,” ಎನ್ನುತ್ತ ಯಮನಪ್ಪ ತಮ್ಮ ಮುಧೋಳ ನಾಯಿ ಬಿಜಲಿಯ ಕೊರಳಿನ ಹಗ್ಗ ಬಿಚ್ಚಿದರು.

ಗೋವಾದ ಡಿಚೋಲಿಯಲ್ಲಿ ಅವರ ಬಾಡಿಗೆ ಮನೆಯ ಮುಂದೆ ನಾನು ಪೆಚ್ಚಾಗಿ ನಿಂತಿದ್ದೆ. ನಾನು ದಿನಾ ಬೆಳಿಗ್ಗೆ ವಾಳಪೈ ಗುಡ್ಡದ ದಾರಿಯಲ್ಲಿ ಓಡುವವನು. ನಮ್ಮ ಮುದಿ ಲ್ಯಾಬ್ರಡಾರ್‌ಗೆ ಈಗ ಅರ್ಧ ದಾರಿಗೇ ಏದುಸಿರು. ಜೊತೆಗೆ ಓಡಲು ಎರಡನೇ ನಾಯಿ ಬೇಕಿತ್ತು. ಯಾವ ತಳಿ ಎಂದು ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಹಸ್ಕಿಗೆ ಗೋವಾದ ಸೆಕೆ ಆಗಿಬರದು, ಮುಧೋಳವೇ ಸರಿ ಎಂದಾಯಿತು. ಲಾರಿ ಡ್ರೈವರ್ ಒಬ್ಬರು ತಮ್ಮ ನಾಯಿ ಕೊಡುತ್ತಾರೆಂದು ಕೇಳಿ ಬಂದಿದ್ದೆ. ಯಾಕೆ ಕೊಡುತ್ತಾರೆಂದು ಕೇಳಿರಲಿಲ್ಲ. ಊರುಗೋಲು ಹಿಡಿದು ಅವರು ಬಾಗಿಲಿಗೆ ಬಂದಾಗ ತಿಳಿಯಿತು. ಅಪಘಾತದಲ್ಲಿ ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು.

“ದಿನಾ ನನ್ನ ಜೋಡಿ ಓಡ್ತಿತ್ರಿ. ಈಗ ನಾ ಕುಂತೇನಂತ ಅದೂ ಕುಂತಬಿಟ್ಟೈತಿ. ಅದು ಹಂಗ ಕುಂತದ್ದು ನೋಡೂದು ನನ್ನ ಕೈಲೆ ಆಗವಲ್ದ್ರಿ,” ಎಂದರು.

ದನ ಕೊಟ್ಟರೂ ಹಗ್ಗ ಮನೆಯಲ್ಲೇ ಉಳಿಸಿಕೊಳ್ಳುವುದು ನಮ್ಮ ಉತ್ತರ ಕರ್ನಾಟಕದ ಕಡೆಯ ಪದ್ಧತಿ. ಹಗ್ಗ ಉಳಿದರೆ ಕೊಟ್ಟಿಗೆ ಮತ್ತೆ ತುಂಬುತ್ತದೆ ಎಂಬ ನಂಬಿಕೆ. ನಾನು ತಂದಿದ್ದ ಹೊಸ ಬೆಲ್ಟ್ ಹಾಕಿದೆ. ಬಿಜಲಿ ತಿರುತಿರುಗಿ ನೋಡುತ್ತಲೇ ಬಂತು. ಯಮನಪ್ಪ ಹಗ್ಗವನ್ನು ಊರುಗೋಲಿಗೆ ಸುತ್ತುತ್ತ ಕುಳಿತರು, ತಲೆ ಎತ್ತಲೇ ಇಲ್ಲ.

ಈಗ ಬಿಜಲಿಯ ಜೊತೆ ಗುಡ್ಡ ಹತ್ತುವಾಗ ಕಾಲು ಸೋತರೂ ನಾನು ಬೇಗ ನಿಲ್ಲುವುದಿಲ್ಲ. ಆ ಓಟದಲ್ಲಿ ಅರ್ಧ ಯಮನಪ್ಪನವರದು.