ರೂಬಾರ್ಬಿನ ಪತ್ರೊಡೆ

ಹೋದ ಶನಿವಾರ ಸಂಜೆ ನಮ್ಮ ಮನೆಯ ಹಾಲ್‌ನಲ್ಲಿ ಏಳೆಂಟು ಜನ ಹೆಂಗಸರು ವಿಷ ತಿನ್ನಲು ಸಾಲಾಗಿ ಕುಳಿತಿದ್ದರು. ಎಲ್ಲರೂ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಬಡಿಸುತ್ತಿದ್ದವಳು ನಾನು.

ಗಾಬರಿಯಾಗಬೇಡಿ, ಯಾರೂ ಸಾಯಲಿಲ್ಲ. ಸತ್ತಿದ್ದರೆ ಈ ವಾರದ ಅಂಕಣವನ್ನು ನಾನು ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಬರೆಯಬೇಕಾಗುತ್ತಿತ್ತು. (ಸಂಪಾದಕರು ಅಲ್ಲಿಗೂ ಫೋನ್ ಮಾಡಿ "ಕಾಪಿ ಎಲ್ಲಿ?" ಎನ್ನುತ್ತಿದ್ದರು, ಆ ಮಾತು ಬೇರೆ.)

ಎಲ್ಲಕ್ಕೂ ಕಾರಣ ಒಂದು ಗಿಡ. ಹೆಸರು ರೂಬಾರ್ಬ್. ಕೇಳಿದ್ದೀರಾ? ನಾನೂ ಕೇಳಿರಲಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ದೇಶಪಾಂಡೆಯವರು ಹಿಮಾಚಲಕ್ಕೆ ಟೂರ್ ಹೋಗಿ ಬರುವ ತನಕ ಮುಂಬಯಿಯ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಕೇಳಿರಲಿಲ್ಲ.

ದೇಶಪಾಂಡೆಯವರು ಧಾರವಾಡದ ಕಡೆಯವರು. ಯಾವುದೋ ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು. ರಿಟೈರ್ ಆದ ಮೇಲೂ ಆರ್ಡರ್ ಮಾಡಲು ಯಾರಾದರೂ ಬೇಕಲ್ಲ? ಸೊಸೈಟಿ ಸೆಕ್ರೆಟರಿಯಾದರು. ಆದರೆ ಸೊಸೈಟಿಯ ಜನ ಎದುರು ಮಾತಾಡುತ್ತಾರೆ. ಗಿಡಗಳು ಮಾತಾಡುವುದಿಲ್ಲ. ಹಾಗಾಗಿ ಟೆರೇಸಿಗೆ ಹೋದರು.

ಹಿಮಾಚಲದ ಹೋಮ್‌ಸ್ಟೇ ಒಂದರಲ್ಲಿ ಅವರಿಗೆ ರೂಬಾರ್ಬ್ ಜ್ಯಾಮ್ ಕೊಟ್ಟರಂತೆ. ಈ ಗಿಡದ ದಂಟು ಕೆಂಪಗೆ, ಹುಳಿಯೆಂದರೆ ಹುಳಿ. ಅದಕ್ಕೆ ಕೈಬಿಚ್ಚಿ ಸಕ್ಕರೆ ಸುರಿದು ಜ್ಯಾಮ್ ಮಾಡುತ್ತಾರೆ. ಅಷ್ಟು ಸಕ್ಕರೆ ಸುರಿದರೆ ಹುಣಿಸೆಹಣ್ಣೂ ಜ್ಯಾಮ್ ಆಗುತ್ತದೆ ಸ್ವಾಮಿ! ಆದರೆ ಹುಣಿಸೆಹಣ್ಣಿನ ಜೊತೆ ಯಾರು ಸೆಲ್ಫಿ ತೆಗೆದುಕೊಳ್ಳುತ್ತಾರೆ? ದೇಶಪಾಂಡೆಯವರು ಅಲ್ಲಿಂದ ಗಡ್ಡೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರು.

ಅದು ಚಳಿನಾಡಿನ ಗಿಡ. ಚಳಿ ಬಿದ್ದಷ್ಟೂ ಅದಕ್ಕೆ ಖುಷಿ. ಮುಂಬಯಿಯಲ್ಲಿ ಚಳಿ ಎಂದರೆ ಏನು ನಿಮಗೆ ಗೊತ್ತೇ ಇದೆ. ಜನವರಿಯಲ್ಲಿ ಬೆಳಗಿನ ಲೋಕಲ್‌ನಲ್ಲಿ ಯಾರೋ ಇಬ್ಬರು ಸ್ವೆಟರ್ ಹಾಕಿಕೊಂಡಿರುತ್ತಾರೆ, ಅಷ್ಟೇ. ಆದರೂ ದೇಶಪಾಂಡೆಯವರು ಹಿಡಿದ ಪಟ್ಟು ಬಿಡಲಿಲ್ಲ. ನೀಲಿ ಪ್ಲಾಸ್ಟಿಕ್ ಡ್ರಮ್‌ಗಳನ್ನು ಅರ್ಧಕ್ಕೆ ಕೊಯ್ಯಿಸಿದರು. ನೀರು ನಿಲ್ಲದಂತೆ ತಳಕ್ಕೆ ತೂತು ಕೊರೆಸಿದರು, ಕೆಳಗೆ ಇಟ್ಟಿಗೆ ಕೊಟ್ಟರು. ಕೋಕೋಪೀಟ್ ಬಂತು, ಹಟ್ಟಿಗೊಬ್ಬರ ಬಂತು, ಮೇಲೆ ಹಸಿರು ನೆಟ್ ಬಂತು. ಮೇ ತಿಂಗಳಲ್ಲಿ ಮಧ್ಯಾಹ್ನ ಮಣ್ಣು ಕಾಯಬಾರದೆಂದು ಐಸ್ ಕ್ಯೂಬ್ ಹರಡಿದರು. ಆ ತಿಂಗಳು ನಮಗೆಲ್ಲ ಬೆಳಿಗ್ಗೆ ಒಂದೇ ಗಂಟೆ ನೀರು. ಸೊಸೈಟಿಗೆ ಟ್ಯಾಂಕರ್ ಬರುತ್ತಿತ್ತು, ರೂಬಾರ್ಬಿಗೆ ಬರ್ಫ ಬರುತ್ತಿತ್ತು.

ಮಳೆಗಾಲ ಬಂದದ್ದೇ ಬೇರು ಕೊಳೆಯುತ್ತದೆಂದು ಡ್ರಮ್‌ಗಳ ಮೇಲೆ ಪ್ಲಾಸ್ಟಿಕ್ ಸೂರು ಎದ್ದಿತು. (ಮೇಲಿನ ಮಹಡಿಯ ಮನೆ ಸೋರುತ್ತದೆ ಎಂಬ ದೂರು ಎರಡು ಮಳೆಗಾಲದಿಂದ ಸೆಕ್ರೆಟರಿಯವರ ಪರಿಶೀಲನೆಯಲ್ಲಿದೆ.) ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ಬೋರ್ಡು: ಎಕ್ಸೋಟಿಕ್ ಪ್ಲಾಂಟ್, ಡು ನಾಟ್ ಟಚ್.

ಈಗ ನಮ್ಮ ಅತ್ತೆಯ ವಿಷಯಕ್ಕೆ ಬರೋಣ.

ಈ ಬಿಲ್ಡಿಂಗ್ ಇರುವ ಜಾಗದಲ್ಲಿ ಮೊದಲು ಒಂದೊಂದೇ ಕೋಣೆಯ ಮನೆಗಳ ಚಾಳ್ ಇತ್ತು. ಅತ್ತೆ ಮದುವೆಯಾಗಿ ಉಡುಪಿಯ ಕಡೆಯಿಂದ ಬಂದದ್ದು ಆ ಚಾಳಿಗೆ. ಮಾವ ದಾದರಿನ ಒಂದು ಹೋಟೆಲಿನಲ್ಲಿ ದುಡ್ಡಿನ ಗಲ್ಲೆಯ ಮೇಲೆ ಕೂರುತ್ತಿದ್ದರು. ಅತ್ತೆ ಊರಿನಿಂದ ತಂದ ಕೆಸುವಿನ ಗಡ್ಡೆಯನ್ನು ಚಾಳಿನ ನಲ್ಲಿಯ ಪಕ್ಕ ಊರಿದರು. ಕೆಸುವಿಗೆ ಕೋಕೋಪೀಟ್ ಬೇಕೇ? ಬಚ್ಚಲ ನೀರು ಕುಡಿದು ಆನೆಕಿವಿಯಷ್ಟು ಎಲೆ ಬಿಟ್ಟಿತು. ಅತ್ತೆ ಪತ್ರೊಡೆ ಮಾಡಿದರು. ಮರಾಠಿ ಹೆಂಗಸರು ಅಳೂವಡಿ ಮಾಡಿದರು. ಗುಜರಾತಿಯವರು ಪಾತ್ರಾ ಮಾಡಿದರು. ಎಲ್ಲವೂ ಒಂದೇ. ಎಲೆಗೆ ಹಿಟ್ಟು ಮೆತ್ತಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವುದು.

ಚಾಳ್ ಹೋಗಿ ಹದಿಮೂರು ಮಹಡಿಯ ಬಿಲ್ಡಿಂಗ್ ಬಂದರೂ ಕೆಸು ಮಾತ್ರ ಪಂಪ್ ರೂಮಿನ ಹಿಂದೆ ಮತ್ತೆ ಎದ್ದಿತು. ಅದಕ್ಕೆ ಮುನಿಸಿಪಾಲಿಟಿಯ ಓಸಿ, ಪೊಸೆಷನ್ ಲೆಟರ್ ಯಾವುದೂ ಬೇಕಿರಲಿಲ್ಲ. ಹೋದ ವರ್ಷ ದೇಶಪಾಂಡೆಯವರ ಕಣ್ಣಿಗೆ ಬಿತ್ತು. "ಸೊಳ್ಳಿ ಆಗ್ತಾವ್ರೀ, ಹೊಲಸು ಕಾಣಿಸ್ತದ" ಎಂದು ಬುಡಸಮೇತ ಕೀಳಿಸಿ ಕಸದ ಗಾಡಿಗೆ ಹಾಕಿಸಿದರು. ಅತ್ತೆ ಅವತ್ತು ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಈ ವರ್ಷ ಆಟಿ ತಿಂಗಳು ಬಂತು. ಆಟಿಯಲ್ಲಿ ಪತ್ರೊಡೆ ತಿನ್ನದಿದ್ದರೆ ತುಳುನಾಡಿನವರಿಗೆ ಮಳೆಗಾಲ ಬಂದಂತೆಯೇ ಅಲ್ಲ. ಅದೂ ಅಲ್ಲದೆ ಶನಿವಾರ ಅತ್ತೆಯ ಭಜನಾ ಮಂಡಳಿಯವರು ನಮ್ಮ ಮನೆಗೆ ಬರುವ ಸರದಿ. ಆ ವಾರವೇ ಲಿಫ್ಟಿನಲ್ಲಿ ದೇಶಪಾಂಡೆಯವರು ಸಿಕ್ಕಿ, "ನಮ್ಮ ರೂಬಾರ್ಬ್ ನೋಡೀರೇನ್ರಿ ಅಮ್ಮಾರ? ಎಲಿ ಎಷ್ಟು ಅಗಲ ಬಂದಾವ! ಒಂದಿನ ಎಲ್ಲಾರಿಗೂ ತಿನ್ನಸ್ತೀನಿ" ಎಂದರಂತೆ.

ಕರಾವಳಿಯವರ ಕಣ್ಣಿಗೆ ಅಂಗೈಗಿಂತ ಅಗಲವಾದ ಎಲೆಯಲ್ಲಿ ಎರಡೇ ಜಾತಿ. ಒಂದು ಊಟ ಬಡಿಸುವುದು. ಇನ್ನೊಂದು ಪತ್ರೊಡೆ ಮಾಡುವುದು.

ಶನಿವಾರ ಬೆಳಿಗ್ಗೆ ಅತ್ತೆ ಟೆರೇಸಿನಿಂದ ಚೀಲ ತುಂಬ ಎಲೆ ತಂದರು.

"ಇದೆಲ್ಲಿಯ ಕೆಸು, ಅತ್ತೆ?"

"ದೇಶಪಾಂಡೆಯವರದ್ದು. ಕೆಸು ಅಲ್ಲ ಮಾರಾಯ್ತಿ, ಅದರ ಹಾಗಿನದ್ದೇ ಎಂತದೋ. ದಂಟು ಹುಳಿ ಉಂಟಂತೆ. ಹುಳಿ ಇದ್ರೆ ಒಳ್ಳೆದೇ, ಗಂಟಲು ತುರಿಸುದಿಲ್ಲ. ನನ್ನ ಕೆಸು ಅವರು ತೆಗೆಸಿದ್ರಲ್ಲ, ಅಲ್ಲಿಗಲ್ಲಿಗೆ ಸರಿಯಾಯ್ತು."

ಕೆಸು ತುರಿಸದಿರಲೆಂದು ಹುಣಿಸೆಹುಳಿ ಹಾಕುವವರ ಲೆಕ್ಕಾಚಾರ ಇದು. ಎಲೆಯೇ ಹುಳಿಯಾದರೆ ಇನ್ನೇನು ಭಯ? ನನಗೂ ಸರಿ ಅನ್ನಿಸಿತು. ದೇಶಪಾಂಡೆಯವರೇ ಕೊಟ್ಟಿರಬೇಕು ಅಂದುಕೊಂಡೆ. ಅಕ್ಕಿ ನೆನೆಸಿ, ಮಸಾಲೆ ರುಬ್ಬಿ ಕೊಟ್ಟೆ. ಅತ್ತೆ ಹಾಡಿಕೊಳ್ಳುತ್ತಾ ಎಲೆಗೆ ಹಚ್ಚಿ ಹಚ್ಚಿ ಸುತ್ತಿದರು. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನೋಡಿ ಬಹಳ ದಿನವಾಗಿತ್ತು.

ಸಂಜೆ ಭಜನೆ ಮುಗಿಯಿತು, ಮಂಗಳಾರತಿಯಾಯಿತು. ತಟ್ಟೆಗಳು ಕೈಗೆ ಬಂದವು. ಅಷ್ಟರಲ್ಲಿ ಬೆಲ್. ಬಾಗಿಲು ತೆರೆದರೆ ದೇಶಪಾಂಡೆಯವರು. ಕೈಯಲ್ಲಿ ಎಲೆಯಿಲ್ಲದ ಒಂದು ಕೆಂಪು ದಂಟು, ಬಟ್ಟೆ ಹರಿದುಹೋದ ಕೊಡೆಯ ಕಡ್ಡಿಯ ಹಾಗೆ.

"ಇದೇನ್ರೀ ಮೇಡಂ ಇದು? ಸಿಸಿಟಿವಿಯೊಳಗ ಎಲ್ಲಾ ಕಂಡದ! ನಿಮ್ಮ ಅತ್ತಿಯವರು ಚೀಲಾ ತುಂಬ್ಕೊಂಡು ಇಳಿಯೂದು. ಕಳವು ಅಂತಾರ್ರೀ ಇದಕ್ಕ, ಕಳವು!"

ದೊಡ್ಡ ಮನುಷ್ಯರೊಬ್ಬರು ನಿಂತು ಬೈಯುವಾಗ ಕುಳಿತು ತಿನ್ನುವುದು ಸಭ್ಯತೆಯಲ್ಲ. ಆದ್ದರಿಂದ ನಮ್ಮ ಭಜನಾ ಮಂಡಳಿಯವರು ತಟ್ಟೆ ಕೈಯಲ್ಲಿ ಹಿಡಿದು ಕಾದರು. ಅವರನ್ನು ಉಳಿಸಿದ್ದು ಆ ಸಭ್ಯತೆಯೇ.

ಏಕೆಂದರೆ ದೇಶಪಾಂಡೆಯವರು ಲೆಕ್ಚರ್ ಶುರು ಮಾಡಿದ್ದರು. "ಮೊದಲನೇ ವರ್ಷ ಒಂದು ಎಲಿನೂ ಕೀಳಬಾರದ್ರೀ. ಎಲಿ ಇದ್ರನ ಗಡ್ಡಿಗೆ ಊಟ. ಗಡ್ಡಿ ಬಲೀಬೇಕು. ಕುಂಡದಾಗ ಬೆಳಸೂದು ಅಂದ್ರ ಹುಡುಗಾಟ ಏನ್ರಿ?" ಅಲ್ಲಿಂದ ಡ್ರೈನೇಜ್, ಅಲ್ಲಿಂದ ಗೊಬ್ಬರ, ಅಲ್ಲಿಂದ ಹೂವಿನ ಕಾಂಡ ಬಂದರೆ ಹೇಗೆ ಚಿವುಟಬೇಕು ಎನ್ನುವ ತನಕ ಹೋದರು. ಕೊನೆಗೆ ಉಸಿರು ತೆಗೆದುಕೊಂಡು, ಸಾಮಾನಿನ ಚೀಟಿಯ ಕೊನೆಯಲ್ಲಿ ಬೆಂಕಿಪೊಟ್ಟಣ ಬರೆಯುವವರ ಹಾಗೆ ಸೇರಿಸಿದರು: "ಅಷ್ಟಕ್ಕೂ ಎಲಿ ತೊಗೊಂಡು ಏನ್ ಮಾಡ್ತೀರಿ? ತಿನ್ನೂದು ದಂಟು. ಎಲಿ ವಿಷ ಅದ."

ತಟ್ಟೆಗಳು ನೆಲಕ್ಕೆ ಇಳಿದ ಸದ್ದು ಒಟ್ಟಿಗೇ ಕೇಳಿಸಿತು. ಯಾರೋ "ರಾಮಾ" ಎಂದರು. ಯಾರೋ ಬಾತ್‌ರೂಮ್ ಎಲ್ಲಿ ಎಂದರು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮೆಲ್ಲಗೆ ಹೇಳಿದರು: "ನಾನು ಒಂದು ತುಂಡು ತಿಂದಾಗಿದೆ ಮಾರಾಯ್ತಿ. ಹೊಸ ಎಲೆ ಅಲ್ವಾ? ಬಂದವರಿಗೆ ಗಂಟಲು ತುರಿಸಿದ್ರೆ ಎಂತ ಮಾಡುದು ಅಂತ ಮೊದಲು ನಾನೇ ನೋಡಿದೆ."

ಪ್ರತಿ ವಾರ ಇಲ್ಲಿ ಊರವರನ್ನೆಲ್ಲ ಗೇಲಿ ಮಾಡುವ ನನಗೆ ಆ ಕ್ಷಣ ಭಯವಾಯಿತು.

"ಎಷ್ಟು?" ಎಂದರು ದೇಶಪಾಂಡೆಯವರು.

"ಒಂದು ತುಂಡಂತೆ," ಎಂದೆ.

"ಅಲ್ರೀ, ಎಷ್ಟು ಎಲಿ ಕಿತ್ತಾರ ಅಂತ ಕೇಳಿದೆ. ಗಿಡಾ ಉಳೀಬೇಕಲ್ಲ?"

ನಾನೂ ನನ್ನ ಗಂಡನೂ ಅತ್ತೆಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಸುರಿಯುವ ಮಳೆಯಲ್ಲಿ ನರ್ಸಿಂಗ್ ಹೋಮಿಗೆ ಓಡಿದೆವು. ದಾರಿಯಲ್ಲೇ ಅತ್ತೆಗೆ ಹೊಟ್ಟೆ ನೋವು, ವಾಂತಿ. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರ್ "ಮಾವ್ಶಿ, ಕಾಯ್ ಖಾಲ್ಲಂ ತುಮ್ಹಿ?" ಎಂದು ಕೇಳಿದರು. ತಿಂದದ್ದು ಏನೆಂದು ಹೇಳಬೇಕು? ಪತ್ರೊಡೆ ಅನ್ನಲೇ, ರೂಬಾರ್ಬ್ ಅನ್ನಲೇ? ಹೆಸರು ಕೇಳಿ ಅವರು ಮೊಬೈಲ್ ತೆಗೆದರು, ನಂತರ ಹಿರಿಯ ಡಾಕ್ಟರರಿಗೆ ಫೋನ್ ಮಾಡಿದರು. ಡ್ರಿಪ್ ಹಾಕಿದರು, ರಕ್ತ ತೆಗೆದರು, ಕಿಡ್ನಿ ನೋಡಬೇಕು ಎಂದರು. ಭಾನುವಾರ ಸಂಜೆ ಮನೆಗೆ ಕಳಿಸುವಾಗ ಹಿರಿಯ ಡಾಕ್ಟರ್ ಹೇಳಿದ್ದಿಷ್ಟೇ: ತುಂಡು ಚಿಕ್ಕದಿತ್ತು, ನಿಮ್ಮ ಪುಣ್ಯ.

ಇತ್ತ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಬಿರುಗಾಳಿ ಎದ್ದಿತ್ತು. ಬಿ ವಿಂಗಿನಲ್ಲಿ ಫುಡ್ ಪಾಯ್ಸನಿಂಗ್ ಅಂತೆ, ನೀರಿನ ಟ್ಯಾಂಕ್ ಚೆಕ್ ಮಾಡಿಸಿ ಎಂದು ಒಬ್ಬರು. ಟೆರೇಸಿಗೆ ಬೀಗ ಹಾಕಿ ಎಂದು ಇನ್ನೊಬ್ಬರು. ದೇಶಪಾಂಡೆಯವರು ಏಪ್ರಿಲ್ ತಿಂಗಳ ತಮ್ಮದೇ ಮೆಸೇಜನ್ನು ಹುಡುಕಿ ತೆಗೆದು ಮತ್ತೆ ಹಾಕಿದರು. ಉದ್ದನೆಯ ಇಂಗ್ಲಿಷ್ ಮೆಸೇಜು. ಮೇಲೊಂದು ಗುಲಾಬಿ ಹೂವಿನ ಗುಡ್ ಮಾರ್ನಿಂಗ್, ಕೆಳಗೆ ರೂಬಾರ್ಬಿನ ಆರೋಗ್ಯ ಲಾಭಗಳ ಮೆರವಣಿಗೆ, ಬಾಲದಲ್ಲಿ ಒಂದು ಸಾಲು: ಎಲೆ ತಿನ್ನತಕ್ಕದ್ದಲ್ಲ. "ನಾನು ಮೊದಲೇ ತಿಳಿಸಿದ್ದೇನೆ" ಎಂದು ಅಡಿಟಿಪ್ಪಣಿ. ಅದಕ್ಕೆ ಹದಿನೈದಿಪ್ಪತ್ತು ಹೆಬ್ಬೆಟ್ಟು. (ಆ ಗ್ರೂಪನ್ನು ನಾನು ಮ್ಯೂಟ್ ಮಾಡಿ ವರ್ಷವಾಯಿತು. ನೀವೂ ಮಾಡಿದ್ದೀರಿ, ಸುಮ್ಮನಿರಿ.)

ದಿನಕ್ಕೆ ಇಪ್ಪತ್ತು ಗುಡ್ ಮಾರ್ನಿಂಗ್ ಕಳಿಸುವವರು ಒಂದು ವಿಷದ ಸುದ್ದಿಯನ್ನೂ ಅದರ ನಡುವೆಯೇ ತುರುಕಿದರೆ ಓದುವವರು ಯಾರು? ಬೋರ್ಡಿನಲ್ಲಿ ಮುಟ್ಟಬೇಡಿ ಎಂದು ಬರೆಯಲು ಜಾಗ ಇತ್ತು. ವಿಷ ಎಂದು ಬರೆಯಲು ಇರಲಿಲ್ಲವೇ? ಕನ್ನಡ, ಮರಾಠಿ, ಗುಜರಾತಿ ಯಾವುದರಲ್ಲಿ ಬರೆದಿದ್ದರೂ ಬಿಲ್ಡಿಂಗಿನ ಯಾವುದಾದರೂ ಅಜ್ಜಿ ಓದುತ್ತಿದ್ದಳು.

ಮಂಡಳಿಯ ಹೆಂಗಸರು ಫೋನ್ ಮಾಡಿದರು, ಇಲ್ಲವೆನ್ನಲಾರೆ. "ಅಮ್ಮ ಹೇಗಿದ್ದಾರೆ?" ಎಂದು ಕೇಳಿ, ಉಸಿರು ಬಿಡುವ ಮೊದಲೇ, "ನಾನು ಬರೀ ಚಟ್ನಿ ನೆಕ್ಕಿದ್ದೆ, ಅದಕ್ಕೇನೂ ಆಗುದಿಲ್ಲ ಅಲ್ವಾ?" ಎಂದರು. ಗ್ರೂಪಿನಲ್ಲಿ ಕೈ ಮುಗಿದ ಚಿತ್ರಗಳು ಬಂದವು, ಗೆಟ್ ವೆಲ್ ಸೂನ್ ಬಂತು. ಮನೆಗೆ ಯಾರೂ ಬರಲಿಲ್ಲ. ಚಾಳಿನಲ್ಲಿ ಒಬ್ಬರು ಸೀನಿದರೆ ಮೂರು ಮನೆಯ ಕಷಾಯ ಬರುತ್ತಿತ್ತು. ಮೂರನ್ನೂ ಕುಡಿಯಬೇಕಾಗುತ್ತಿತ್ತು, ಅದೂ ಒಂದು ಕಾಟವೇ. ಆದರೆ ಇದೇನಿದು?

ಅತ್ತೆಗೆ ಹೊಟ್ಟೆ ನೋವು ಇಳಿಯಿತು. ಬೇರೆಯದು ಇಳಿಯಲಿಲ್ಲ. ಹಾಲ್‌ನಲ್ಲಿ ಬಾಗಿಲಿಗೆ ಮುಖ ಮಾಡಿ ಕೂರುತ್ತಾರೆ. ಲಿಫ್ಟ್ ನಿಂತ ಸದ್ದಾದರೆ ಸೆರಗು ಸರಿಮಾಡಿಕೊಳ್ಳುತ್ತಾರೆ.

"ದೇಶಪಾಂಡೆಯವರು ಬಂದ್ರೆ ಚಾ ಮಾಡು ಆಯ್ತಾ? ಅವರ ಗಿಡ ಹಾಳು ಮಾಡಿದೆ ನಾನು, ತಪ್ಪಾಯ್ತು ಅಂತ ಹೇಳ್ಬೇಕು. ಆದ್ರೆ ತಿನ್ನಿಸ್ತೇನೆ ಅಂತ ಅವರೇ ಹೇಳಿ, ಕಳವು ಅಂದ್ರಲ್ಲ ಮಾರಾಯ್ತಿ, ಎಲ್ಲರ ಎದುರು. ಈ ಜಾಗದಲ್ಲಿ ಇಷ್ಟು ವರ್ಷ ಬದುಕಿದೆ. ಇನ್ನೊಬ್ಬರ ನಲ್ಲಿಯಿಂದ ಒಂದು ಕೊಡ ನೀರು ಕೇಳದೆ ಹಿಡಿದವಳಲ್ಲ ನಾನು. ಅವರು ಒಮ್ಮೆ ಬರಲಿ, ನಾನೇ ಹೇಳ್ತೇನೆ."

ಸೋಮವಾರ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಬುಧವಾರ ನನಗೆ ತಡೆಯಲಾಗಲಿಲ್ಲ. ನೇರ ಟೆರೇಸಿಗೆ ಹೋದೆ. ಜಗಳಕ್ಕೇ ಹೋದದ್ದು, ಮುಚ್ಚಿಡುವುದೇನು?

ದೇಶಪಾಂಡೆಯವರು ಡ್ರಮ್‌ನ ಪಕ್ಕ ಮೊಣಕಾಲೂರಿ ಕುಳಿತಿದ್ದರು. ತೋರುಬೆರಳನ್ನು ಮಣ್ಣಿಗೆ ಊರಿ, ಕಣ್ಣು ಮುಚ್ಚಿ, ವೈದ್ಯರು ನಾಡಿ ನೋಡುವ ಹಾಗೆ ತೇವ ನೋಡುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು.

"ಬರ್ರಿ ಮೇಡಂ, ನೋಡಾಕ ಬಂದ್ರೇನು? ಬದುಕ್ತದ್ರೀ! ನಡುವ ಹೊಸಾ ಚಿಗುರು ಬಂದದ ನೋಡ್ರಿ. ದಿನಾ ನಾಕು ಸಲ ಬಂದು ನೋಡ್ಕೋತೀನಿ. ಶನಿವಾರದಿಂದ ನನಗ ನಿದ್ದಿ ಇಲ್ಲ."

ನಿಜವಾಗಿಯೂ ಚಿಗುರು ಬಂದಿತ್ತು, ಕೆಂಪಗೆ, ಮಗುವಿನ ಮುಷ್ಟಿಯಷ್ಟು. ನಾನು ಕಾದೆ. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾದೆ. ಅವರು ಗೊಬ್ಬರದ ವಿಷಯ ಹೇಳಿದರು. ಎಲೆ ಪೂರಾ ಹೋದ ಗಿಡವನ್ನು ಉಳಿಸುವುದು ಎಷ್ಟು ಕಷ್ಟ ಎಂದು ಹೇಳಿದರು. ಮುಂದಿನ ಚಳಿಗಾಲಕ್ಕೆ ಗಡ್ಡೆಯನ್ನು ಯಾರ ಮನೆಯ ಫ್ರಿಜ್‌ನಲ್ಲಿ ಇಡಬಹುದು ಎಂದು ನನ್ನನ್ನೇ ಕೇಳಿದರು. ತಂದ ಜಗಳವನ್ನು ಹಾಗೇ ಹೊತ್ತುಕೊಂಡು ಕೆಳಗಿಳಿದು ಬಂದರೆ ಅತ್ತೆ ಬಾಗಿಲು ನೋಡುತ್ತಾ ಕುಳಿತಿದ್ದರು.

ದಿನಕ್ಕೆ ನಾಲ್ಕು ಸಲ ಲಿಫ್ಟಿನಲ್ಲಿ ಹದಿಮೂರು ಮಹಡಿ ಹತ್ತಿ ಮಣ್ಣಿನ ತೇವ ನೋಡುವ ಆ ಬೆರಳಿಗೆ, ನಡುವೆ ಏಳನೆಯ ಮಹಡಿಯಲ್ಲಿ ಇಳಿದು ನಮ್ಮ ಮನೆಯ ಬೆಲ್ ಒತ್ತಲು ಏನು ಧಾಡಿ?