ನೀರಿಲ್ಲದ ವರ್ಷ ಲೇಥ್ ತಂಪಾದದ್ದು

ಆ ಬರದ ವರ್ಷ ಬೀದರಿನಲ್ಲಿ ಕುಡಿಯುವ ನೀರಿಗೇ ತತ್ವಾರ. ನನ್ನ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇಥ್ ತಂಪು ಮಾಡುವ ಎಣ್ಣೆಗೆ ಬೆರೆಸಲು ನೀರು ಎಲ್ಲಿಂದ ತರಲಿ? ಗಾಂಧಿ ಗಂಜಿನ ಬೇಳೆ ಮಿಲ್ಲಿನ ಶಾಫ್ಟ್ ಮುರಿದಿತ್ತು. ನಾನು ಹೊಸದು ಮಾಡಿಕೊಡದಿದ್ದರೆ ಕೆಲಸವಿಲ್ಲದೆ ಹಮಾಲರೆಲ್ಲ ಹೈದರಾಬಾದಿಗೆ ಗುಳೆ ಹೊರಡುವವರಿದ್ದರು. ಗಟ್ಟಿ ಉಕ್ಕನ್ನು ಒಣದಾಗಿಯೇ ಕಡೆಯಲು ಹೋಗಿ ಉಕ್ಕು ಕತ್ತರಿಸುವ ಎರಡು ಟೂಲ್ ಸುಟ್ಟುಕೊಂಡು ಕೂತಿದ್ದೆ.

ಅಷ್ಟರಲ್ಲಿ ಭಾಲ್ಕಿ ಕಡೆ ಎಮ್ಮೆಗಳಿಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡುವ ಸುನೀತಾಬಾಯಿ, ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ದ್ರವ ಸಾರಜನಕದ ಕ್ಯಾನಿನ ಗಾಡಿಗೆ ಗಾಲಿ ಹಾಕಿಸಲು ಬಂದರು.

"ಕ್ಯಾನ್ ತೊಳೀಬೇಕಾಗ್ಯದ. ಇದರಾಗಿಂದು ಎಲ್ಲಿ ಚೆಲ್ಲಲಿರಿ?" ಎಂದು ಕೇಳಿದರು.

ದೊಡ್ಡ ಕಾರ್ಖಾನೆಗಳಲ್ಲಿ ಇದರಿಂದಲೇ ಟೂಲ್ ತಂಪು ಮಾಡುತ್ತಾರೆಂದು ಕೇಳಿದ್ದೆ. "ಚೆಲ್ಲಬ್ಯಾಡ್ರಿ ಮೇಡಂ, ನನ್ನ ಟೂಲಿಗೆ ಹಾಕ್ರಿ!" ಎಂದೆ.

"ಕಬ್ಬಿಣಕ್ಕ ಇಂಜೆಕ್ಷನ್ ಕೊಡೂದು ಇದೇ ಮೊದಲ ನೋಡ್ರಿ," ಎಂದು ನಗುತ್ತ ಅವರು ಕೈಗವಸು ತೊಟ್ಟರು.

ಆವಿ ತುಂಬಿ ಉಸಿರುಗಟ್ಟದಿರಲೆಂದು ಬಾಗಿಲು, ಕಿಟಕಿಗಳನ್ನೆಲ್ಲ ತೆರೆದೆ. ಅವರು ಟೂಲಿನ ಮೊನೆಗೆ ಸಣ್ಣ ಧಾರೆಯಾಗಿ ಸುರಿದರು. ಬಿಳಿ ಹೊಗೆ ಎದ್ದಿತು. ನೀಲಿಗಟ್ಟುತ್ತಿದ್ದ ಚೂರುಗಳು ಬೆಳ್ಳಿಯಂತೆ ಉದುರಿದವು. ಚಳಿಗೆ ಕುಗ್ಗಿದ್ದ ಶಾಫ್ಟ್ ಬೆಚ್ಚಗಾಗುವವರೆಗೆ ಕಾದು ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! "ಆಯ್ತ್ರೀ ಮೇಡಂ!" ಎಂದು ಕೂಗಿಯೇಬಿಟ್ಟೆ.

ಸಂಜೆಗೆ ಮಿಲ್ಲು ತಿರುಗಿತು. ಹಮಾಲರು ಕಟ್ಟಿದ ಗಂಟುಗಳನ್ನು ಬಿಚ್ಚಿದರು.

ಈಗ ಮಿಲ್ಲು ಕೆಟ್ಟರೆ ಮಾಲೀಕರು ಮೊದಲು ಫೋನ್ ಮಾಡುವುದು ಎಮ್ಮೆ ನೋಡುವ ಸುನೀತಾಬಾಯಿಗೆ. ನನಗೆ ಆಮೇಲೆ.