ಆಡ ಕಟ್ಟಿದ ದಿನ

ಶಿದ್ರಾಯನ ದನಿಯ ಬಗ್ಗೆ ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲೂಕಿನಲ್ಲಿ ಹಬ್ಬಿದ ಸುದ್ದಿಗಳಲ್ಲಿ ಅರ್ಧವನ್ನಾದರೂ ನಂಬಲೇಬೇಕು. ಉಳಿದರ್ಧವನ್ನು ನಂಬಿದರೆ ಕತೆಗೆ ಇನ್ನೂ ಚೆಂದ. ದರಿಬಡಚಿ ಕಡೆಯ ಒಂದು ಸಣ್ಣ ಊರಿನ ಚಾವಡಿ ಕಟ್ಟೆಯ ಮೇಲೆ ನಿಂತು ಅವನು ಗಂಟಲು ಸರಿಮಾಡಿಕೊಂಡರೆ ಹರದಾರಿಗಟ್ಟಲೆ ದೂರದ ಸೋನ್ಯಾಳದಲ್ಲಿ ತೊಟ್ಟಿಲ ಕೂಸು ಎದ್ದು ಕೂಡುತ್ತಿತ್ತು. ಮಾಡಗ್ಯಾಳದ ಕುರಿಗಳ ಮೂಗು ಗಿಣಿಯ ಕೊಕ್ಕಿನಂತೆ ಬಾಗಿರುವುದು ತಳಿಯ ಗುಣವೆಂದು ತಿಳಿದವರು ಹೇಳುತ್ತಾರೆ. ಸುಳ್ಳು. ಕುರಿ ಕಾಯುತ್ತಿದ್ದ ಕಾಲದಲ್ಲಿ ಶಿದ್ರಾಯ ಒಮ್ಮೆ ಅವುಗಳ ಎದುರಿಗೇ ನಿಂತು "ಹೋಯ್!" ಅಂದುಬಿಟ್ಟ. ಅಂದು ಬಾಗಿದ ಮೂಗು ಇಂದಿಗೂ ನೆಟ್ಟಗಾಗಿಲ್ಲ.

ಇಂಥ ದನಿಯನ್ನು ಗ್ರಾಮಪಂಚಾಯತಿ ಬಿಟ್ಟೀತೆ? ಅರವತ್ತರ ದಶಕದ ಕೊನೆಗೆ ಅವನನ್ನು ಶಿಪಾಯಿ ಮಾಡಿ ಡಂಗುರ ಸಾರುವ ಕೆಲಸ ಕೊಟ್ಟರು. ಬಾರಿಸಲು ಹಲಗೆ ಮಾತ್ರ ಕೊಡಲಿಲ್ಲ. ಬೇಕಾಗಿರಲಿಲ್ಲ.

ಆ ಬೇಸಿಗೆ ಅವನ ಹೆಂಡತಿ ದುಂಡವ್ವನ ಪಾದದಲ್ಲಿ ನಾರುಹುಣ್ಣು ಎದ್ದಿತು. ಮೊದಲು ಗುಳ್ಳೆ; ಅದು ಒಡೆದ ಮೇಲೆ ದಾರದಂಥ ಬಿಳಿ ಹುಳ ತುದಿ ತೋರಿಸುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ನಡುವೆ ಹರಿದರೆ ಕಾಲು ಕುಂಬಳಕಾಯಿಯಂತೆ ಬಾತುಕೊಳ್ಳುತ್ತದೆ. ಹಿಂದಿನ ಬೇಸಿಗೆಯಲ್ಲೂ ಅವಳು ಹೀಗೆಯೇ ನೆಲ ಹಿಡಿದಿದ್ದಳು. ಊರನ್ನೆಲ್ಲ ಎಬ್ಬಿಸುವ ಗಂಡಸಿಗೆ ಅವಳೊಬ್ಬಳನ್ನು ಎಬ್ಬಿಸಲಾಗಲಿಲ್ಲ. ಅವಳ ಹಾಸಿಗೆಯ ಹತ್ತಿರ ಅವನ ದನಿ ಗುಬ್ಬಿಯ ದನಿಗಿಂತ ಸಣ್ಣದಾಗುತ್ತಿತ್ತು.

"ವರ್ಷಾ ಹಿಂಗ ಬೀಳೂದೇನ ನನ್ನ ಹಣೇಬರಾ?" ಅಂದಳು ದುಂಡವ್ವ.

"ಪಂಚಾಯತಿ ಏನರ ಮಾಡತೈತಿ, ಸುಮ್ನಿರು."

"ಪಂಚಾಯತಿ! ನಿನ್ನ ಕಡೆ ಒದರಿಸೂದ ಬಿಟ್ಟು ಮತ್ತೇನ ಮಾಡೈತಿ ಅದು?"

ಆದರೆ ಪಂಚಾಯತಿ ಮಾಡಿತು. ಹುಳದ ತವರು ಊರ ಮೆಟ್ಟಿಲು ಬಾವಿ ಎಂದು ಡಾಕ್ಟರರು ಹೇಳಿದ್ದರು. ಹುಣ್ಣಿನ ಕಾಲು ನೀರಿಗಿಳಿದರೆ ಹುಳ ಅಲ್ಲಿ ಮರಿ ಬಿಡುತ್ತದೆ. ಆ ನೀರು ಕುಡಿದವರಿಗೆ ವರ್ಷದ ಹೊತ್ತಿಗೆ ಹುಣ್ಣು. ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಗಡಗಡಿ ಹಾಕಿ ಮೇಲಿಂದಲೇ ಹಗ್ಗದಲ್ಲಿ ಸೇದಬೇಕು. ಸಿಮೆಂಟು ಮತ್ತು ಕಟ್ಟುವ ಗವಂಡಿ ತಾಲೂಕು ಸಮಿತಿಯ ಓವರಸಿಯರನ ಪಾಲಿಗೆ; ಕಲ್ಲು ಎಳೆಯುವುದು ಊರವರ ಪಾಲಿಗೆ. ಜನ ಕೂಡದಿದ್ದರೆ ಸಿಮೆಂಟಿನ ಗಾಡಿ ಬೇರೆ ಊರಿಗೆ ಹೋಗುತ್ತದೆಂದು ಓವರಸಿಯರ್ ಮೊದಲೇ ಹೇಳಿ ಕಳಿಸಿದ್ದ.

ಊರಿಗೆ ಮನಸ್ಸಿರಲಿಲ್ಲ. "ನಮ್ಮಪ್ಪ ಇಳಿದಾನ, ಅವರಪ್ಪ ಇಳಿದಾನ. ನಾವ್ಯಾಕ ಹಗ್ಗಾ ಜಗ್ಗೂಣು?" ಅನ್ನುತ್ತಿದ್ದ ಸಾತಪ್ಪ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಆಡು ಅವನವೇ, ಆದ್ದರಿಂದ ಮಾತೂ ಅವನದೇ ಹೆಚ್ಚು.

ಸರಪಂಚ ಅಣ್ಣಾರಾಯರಿಗೆ ತಾವು ಮರಾಠಿ ಸಾಲಿ ಕಲಿತವರೆಂಬ ಹೆಮ್ಮೆ. ಮರಾಠಿಯಲ್ಲಿ ಸೇದುವ ಬಾವಿಗೆ 'ಆಡ' ಅನ್ನುತ್ತಾರೆ. ಅವರು ಶಿದ್ರಾಯನನ್ನು ಕರೆದು, "ನಾಳಿ ಮುಂಜಾನಿ ಆಡ ಕಟ್ಟೂದೈತಿ, ಮನಿಗೊಬ್ಬರು ಹಗ್ಗಾ ತಗೊಂಡು ಬಾವಿಗಿ ಬರ್ರಿ, ಅಂತ ಸಾರು" ಅಂದರು. ಶಿದ್ರಾಯನಿಗೆ ಅರ್ಥವಾಯಿತು. ದುಂಡವ್ವನ ಕಾಲನ್ನು ನೆನೆದು, ಎದೆ ತುಂಬ ಗಾಳಿ ಎಳೆದು, ಒಂದಕ್ಷರ ಬದಲಿಸದೆ ಸಾರಿದ. ಆದರೆ ಕೇಳಿದವರು ಕುರಿ-ಆಡಿನ ನಡುವೆ ಹುಟ್ಟಿದ ಮಂದಿ. ಅವರ ಬಾಯಲ್ಲಿ ಆಡು ಕೂಡ 'ಆಡ'. ಮರಾಠಿ ಅವರಿಗೂ ಬರುತ್ತಿತ್ತು. ಕನ್ನಡದ ನಡುವೆ ಹೀಗೆ ಹೇಳದೆ ಕೇಳದೆ ನುಗ್ಗಿದ ಮರಾಠಿಯನ್ನು ಯಾರು ಗುರುತು ಹಿಡಿಯಬೇಕು?

ಮರುದಿನ ಬಾವಿಯ ಹತ್ತಿರ ದಂಡು ನೆರೆಯಿತು. ಕರಿ ಆಡು, ಕಬರಿ ಆಡು, ಗಡ್ಡದ ಹೋತ, ನಿನ್ನೆ ಹುಟ್ಟಿದ ಮರಿ. ದನಿ ಮುಟ್ಟಿದ್ದಕ್ಕೆ ಸೋನ್ಯಾಳದವರೂ ಕೆಲವರು ಹೊಡೆದುಕೊಂಡು ಬಂದಿದ್ದರು.

"ಎಲ್ಲಿ ಕಟ್ಟೂದರಿ? ಲಗೂನ ಹೇಳ್ರಿ" ಅಂದ ಸಾತಪ್ಪ. "ಸೂಜಿ ಚುಚ್ಚತೀರೋ, ಇಲ್ಲಾ ಕೊಂಡವಾಡಕ್ಕ ಹಾಕತೀರೋ?"

ಅಣ್ಣಾರಾಯರು ಹಣೆ ಬಡಿದುಕೊಂಡರು. "ಆಡ ಅಂದ್ರ ಬಾವಿರ್ಯೋ!"

"ಬಾವಿಗಿ ಹಗ್ಗಾ ಕಟ್ಟಿ ಎಲ್ಲಿಗಿ ಒಯ್ಯೂದರಿ?"

ಸಿಮೆಂಟಿನ ಗಾಡಿಯ ಮೇಲೆ ಕೂತಿದ್ದ ಓವರಸಿಯರ್, ಕಲ್ಲೆಳೆಯಲು ಯಾರೂ ಬಂದಿಲ್ಲವೆಂದು, ಗಾಡಿ ತಿರುಗಿಸಲು ಹೇಳಿದ. ಶಿದ್ರಾಯ ಎತ್ತುಗಳ ಮುಂದೆ ಹೋಗಿ ನಿಂತ. ಕೂಗಬೇಕೆಂದು ಬಾಯಿ ತೆರೆದ; ಮಾಡಗ್ಯಾಳದ ಕುರಿಗಳ ಮೂಗು ಬಾಗಿಸಿದ ಗಂಟಲಿನಿಂದ "ನಿಂದರ್ರಿ, ಸಾಹೇಬ್ರ" ಎಂಬಷ್ಟೇ, ಅದೂ ಗುಬ್ಬಿ ದನಿಯಲ್ಲಿ ಬಂತು.

ಅಷ್ಟರಲ್ಲಿ ಬಿಸಿಲಿಗೆ ಬಾಯಾರಿದ ಆಡುಗಳು ತಮ್ಮ ನಿರ್ಣಯ ತಾವು ಮಾಡಿಕೊಂಡವು. ಮೊದಲು ಹೋತ ಮೆಟ್ಟಿಲಿಳಿಯಿತು, ಹಿಂದೆ ಇಡೀ ದಂಡು. ಕೆಲವು ನೀರು ಕುಡಿದವು, ಕೆಲವು ನೀರಿನಲ್ಲಿ ನಿಂತವು, ನಿಂತವು ಬೇರೆ ಕೆಲಸವನ್ನೂ ಮುಗಿಸಿದವು. ದಿನಾ ಒಂದೆರಡು ಇಳಿದಾಗ ಯಾರೂ ನೋಡಿರಲಿಲ್ಲ. ಈಗ ಊರೆಲ್ಲ ಸುತ್ತ ನಿಂತು ಮೇಲಿಂದ ನೋಡಿತು. ಹಿಕ್ಕೆಗಳು ತೇಲತೊಡಗಿದವು.

ಖಾಲಿ ಕೊಡ ಹಿಡಿದು ಬಂದಿದ್ದ ರುಕ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯ ನಮ್ಮವ್ವಾ! ನಿನ್ನಿ ಇದ ನೀರಾಗ ಬ್ಯಾಳಿ ಬೇಯಿಸೀನಿ!"

ಸಾತಪ್ಪ ಪಕ್ಕಕ್ಕೆ ತಿರುಗಿ ಎರಡು ಸಲ ಉಗುಳಿದ. ಮುಂಜಾನೆ ಅದೇ ನೀರನ್ನು ಎರಡು ತಂಬಿಗೆ ಕುಡಿದು ಬಂದಿದ್ದನೆಂದು ಕಾಣುತ್ತದೆ.

"ಮೆಟ್ಟಲಾ ಇರೂ ತನಕಾ ಇವೂ ಇಳಿತಾವ, ನಮ್ಮ ಕಾಲೂ ಇಳಿತಾವ" ಅಂದ ಶಿದ್ರಾಯ, ಮೆಲ್ಲಗೆ. "ನಮ್ಮಕಿ ಎರಡನೇ ಬ್ಯಾಸಿಗಿ ಬಿದ್ದಾಳ್ರಪಾ. ಮುಂದ ಯಾರ ಮನಿಯಾಕಿನೋ."

ಮೊದಲು ಆಡುಗಳನ್ನು ಹಗ್ಗದಿಂದ ಎಳೆದು ಮೇಲೆ ತಂದರು. ಆಮೇಲೆ, ಹಗ್ಗ ಕೈಯಲ್ಲೇ ಇದ್ದುದರಿಂದ, ಕಲ್ಲುಗಳನ್ನೂ ಎಳೆದರು. ಓವರಸಿಯರ್ ಗಾಡಿಯಿಂದಿಳಿದ. ಸಾತಪ್ಪ ಎಲ್ಲರಿಗಿಂತ ಜೋರಾಗಿ ಜಗ್ಗಿದ, ತನ್ನದೇ ವಿಚಾರವೆಂಬಂತೆ.

ಮುಂದಿನ ಬೇಸಿಗೆ ಅಲ್ಲೊಂದು ಇಲ್ಲೊಂದು ಹುಣ್ಣು ಎದ್ದವು, ಹೊಟ್ಟೆಯೊಳಗೆ ಹಳೆಯ ನೀರಿನ ಬಾಕಿ ಇತ್ತು. ಅದರ ಮರುಬೇಸಿಗೆ ಒಂದೂ ಇಲ್ಲ. ದುಂಡವ್ವ ಗಡಗಡಿಯಲ್ಲಿ ನೀರು ಸೇದಿ, ಎರಡು ಕೊಡ ಹೊತ್ತು, ಗಂಡನಿಗೆ ಬೈಯುತ್ತ ಮನೆಗೆ ನಡೆಯುತ್ತಿದ್ದಳು.

ಹುಣ್ಣಿಲ್ಲದ ಊರನ್ನು ನೋಡಲು ಜತ್ತದಿಂದ ದೊಡ್ಡ ಸಾಹೇಬರು ಬಂದರು. ಸಭೆ ಕೂಡಿಸಿ ಶಿದ್ರಾಯನಿಗೆ ಹಾರ ಹಾಕಿದರು. ಜನರನ್ನು ಬಾವಿಗೆ ಕರೆತರಲು ಹೂಡಿದ ಆಡಿನ ಉಪಾಯವನ್ನು ಹೊಗಳಿದರು. ತಾಲೂಕಿನ ಪ್ರತಿ ಪಂಚಾಯತಿಯಲ್ಲೂ ಜನರ ಆರೋಗ್ಯಕ್ಕಾಗಿ ಹೀಗೆ ಹಗಲಿರುಳು ಚಿಂತಿಸುವ ಶಿದ್ರಾಯ ಒಬ್ಬನಿರಬೇಕು ಅಂದರು. ಕೊನೆಗೆ, ಊರಿಗಾಗಿ ಇಷ್ಟು ದೊಡ್ಡ ವಿಚಾರ ತಲೆಗೆ ಹೊಳೆದದ್ದು ಹೇಗೆಂದು ಅವನನ್ನೇ ಕೇಳಿದರು.

ಶಿದ್ರಾಯ ಹಾರವನ್ನು ಕೊರಳಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ವಿಚಾರ ಏನಿಲ್ರಿ ಸಾಹೇಬ್ರ. ನಮ್ಮಕಿ ಎದ್ರ ಸಾಕಾಗಿತ್ತು. ನಾ ಮಾಡಿದ ರೊಟ್ಟಿ ನನಗ ಹರಿಯಾಕ ಬರ್ತಿರಲಿಲ್ಲ."